ಕೋಟೆ, ಕಂದಾಯ, ದಂಡು

ಕಲಬುರಗಿ ಕೋಟೆಯ ದಪ್ಪ ಗೋಡೆ, ಸುತ್ತಲ ಕಂದಕ ನೋಡಿದವರಿಗೆ ಬಹಮನಿ ಸುಲ್ತಾನರ ಬಲವೆಲ್ಲ ಕಲ್ಲಿನಲ್ಲೇ ಇತ್ತೆನಿಸುವುದು ಸಹಜ. 1347ರಲ್ಲಿ ಹುಟ್ಟಿದ ಆ ರಾಜ್ಯವನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಆಡಳಿತದ ಹೊಂದಾಣಿಕೆ. ಒಂದನೇ ಮುಹಮ್ಮದ್ ಶಾ ರಾಜ್ಯವನ್ನು ಕಲಬುರಗಿ, ದೌಲತಾಬಾದ್, ಬೀದರ್, ಬೀರಾರ್ ಎಂಬ ನಾಲ್ಕು ತರಫ್‌ಗಳಾಗಿ, ಅಂದರೆ ಪ್ರಾಂತಗಳಾಗಿ, ವಿಂಗಡಿಸಿದ. ಕಂದಾಯ ವಸೂಲಿ, ದಂಡು, ಕೋಟೆಗಳ ಉಸ್ತುವಾರಿ ಎಲ್ಲವೂ ಪ್ರಾಂತದ ಅಧಿಕಾರಿಯಾದ ತರಫ್‌ದಾರನ ಕೈಯಲ್ಲೇ. ವಿಜಯನಗರದೊಡನೆ ಪದೇ ಪದೇ ಕಾದಾಡುತ್ತಿದ್ದ ರಾಜ್ಯಕ್ಕೆ ಈ ಏರ್ಪಾಡು ಒಪ್ಪುತ್ತಿತ್ತು. ದಂಡು ಕೂಡಿಸಲು ಹಣಕ್ಕಾಗಿ ಪ್ರತಿ ಸಲ ರಾಜಧಾನಿಯತ್ತ ನೋಡಬೇಕಿರಲಿಲ್ಲ.

ರಾಜ್ಯ ಗೋವೆಯವರೆಗೆ ಹಬ್ಬಿದ ಮೇಲೆ ಅದೇ ಅನುಕೂಲ ಅಪಾಯವಾಯಿತು. ಆಗ ರಾಜಧಾನಿಯಾಗಿದ್ದ ಬೀದರಿನಲ್ಲಿ ಮಂತ್ರಿ ಮಹಮೂದ್ ಗವಾನ್ ನಾಲ್ಕು ತರಫ್‌ಗಳನ್ನು ಎಂಟು ಮಾಡಿದ, ಜಮೀನು ಅಳೆಸಿದ, ತರಫ್‌ದಾರನಿಗೆ ಒಂದೇ ಕೋಟೆ ಬಿಟ್ಟು ಉಳಿದವನ್ನು ಸುಲ್ತಾನನ ಹಿಡಿತಕ್ಕೆ ತಂದ. 1481ರಲ್ಲಿ ಅವನ ತಲೆಯೇ ಹೋಯಿತಲ್ಲ, ಸುಧಾರಣೆ ಸೋತಂತಲ್ಲವೇ ಎನ್ನಬಹುದು. ಸೋತದ್ದು ನಿಜ, ಆದರೆ ಅವನು ಗುರುತಿಸಿದ ರೋಗ ತಪ್ಪಾಗಿರಲಿಲ್ಲ. 1490ರ ಹೊತ್ತಿಗೆ ಬಿಜಾಪುರ, ಅಹ್ಮದ್‌ನಗರ, ಬೀರಾರ್‌ಗಳಲ್ಲಿ ಸ್ವತಂತ್ರರಾದವರು ಹಣ, ದಂಡು ಎರಡನ್ನೂ ಹಿಡಿದಿದ್ದ ಪ್ರಾಂತಾಧಿಕಾರಿಗಳೇ. ಗವಾನ್ ಎಡವಿದ್ದು ಬೇರೆ ಕಡೆ. ಸ್ಥಳೀಯರಾದ ದಖ್ಖನಿ ಮತ್ತು ಹೊರನಾಡಿನಿಂದ ಬಂದ ಅಫಾಕಿ ಬಣಗಳ ಜಗಳದ ನಡುವೆ, ಹೊಸ ಕಟ್ಟಳೆಯನ್ನು ನಡೆಸಿಕೊಡಬೇಕಾದ ಅಮೀರರೇ ಅದರ ವೈರಿಗಳಾದರು. ಜಾರಿ ಮಾಡುವವರನ್ನು ಒಳಗೊಳ್ಳದ ಯೋಜನೆ ಎಷ್ಟೇ ಜಾಣತನದ್ದಾದರೂ ಮಾಡಿದವನ ಕಾಲಕ್ಕೇ ಮುಗಿಯುತ್ತದೆ.