ಬಿಸಿಯೇರಿದ ಎಂಜಿನ್‌ನಲ್ಲಿ ಸಡಿಲಗೊಂಡ ವಾಲ್ವ್ ಸೀಟ್: ದುರಸ್ತಿಯ ಸರಿಯಾದ ಕ್ರಮ

ಘಟ್ಟ ಹತ್ತುವಾಗ ಕಾರಿನ ಉಷ್ಣತಾ ಸೂಚಕ ಕೆಂಪು ಗೆರೆ ಮುಟ್ಟುತ್ತದೆ. ಹೆಡ್ ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಮೇಲ್ಮೈ ಸಮತಟ್ಟು ಮಾಡಿಸಿ ವಾಹನವನ್ನು ಮನೆಗೆ ತಂದದ್ದೂ ಆಗುತ್ತದೆ. ಕೆಲವು ವಾರಗಳ ಬಳಿಕ ಒಂದು ಸಿಲಿಂಡರ್ ಕೆಲಸ ತಪ್ಪುತ್ತದೆ, ಎಂಜಿನ್‌ನಿಂದ ಟಕಟಕ ಸದ್ದು ಕೇಳಿಬರುತ್ತದೆ. ಹೊಸ ಗ್ಯಾಸ್ಕೆಟ್‌ನ ಮೇಲೆ ಅನುಮಾನ ಪಡುವ ಮುನ್ನ ಪರೀಕ್ಷಿಸಬೇಕಾದ ಭಾಗವೊಂದಿದೆ. ಅದುವೇ ವಾಲ್ವ್ ಸೀಟ್.

ವಾಲ್ವ್ ಮುಚ್ಚಿದಾಗ ಬಂದು ಕೂರುವ ಗಟ್ಟಿ ಲೋಹದ ಉಂಗುರವಿದು. ಅಲ್ಯೂಮಿನಿಯಂ ಹೆಡ್‌ನ ಕುಳಿಯಲ್ಲಿ ಇದನ್ನು ಹಿಡಿದಿಡಲು ಸ್ಕ್ರೂ ಇಲ್ಲ, ವೆಲ್ಡಿಂಗ್ ಇಲ್ಲ. ಉಂಗುರವು ಕುಳಿಗಿಂತ ತುಸು ದೊಡ್ಡದಾಗಿರುತ್ತದೆ, ಅಷ್ಟೇ. ಸುಮಾರು 35 ಮಿ.ಮೀ. ವ್ಯಾಸದ ಉಂಗುರಕ್ಕೆ ಈ ವ್ಯತ್ಯಾಸ ಸಾಮಾನ್ಯವಾಗಿ 0.08ರಿಂದ 0.12 ಮಿ.ಮೀ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ, ನೀರು ಹೊಯ್ದು ಬಿಗಿಗೊಳಿಸುವುದನ್ನು ಕಂಡವರಿಗೆ ಈ ತತ್ವ ಹೊಸದಲ್ಲ.

ಸಡಿಲಗೊಳ್ಳಲು ಕಾರಣವೂ ಉಷ್ಣವೇ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಲ್ಯೂಮಿನಿಯಂ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ, ಎರಕದ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಎರಡೂ 200 ಡಿಗ್ರಿ ಬಿಸಿಯೇರಿದವೆನ್ನಿ. ಕುಳಿ 0.16 ಮಿ.ಮೀ. ಹಿಗ್ಗಿದರೆ ಉಂಗುರ 0.08 ಮಿ.ಮೀ. ಹಿಗ್ಗುತ್ತದೆ. ಇದ್ದ ಬಿಗಿಯೆಲ್ಲ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಕೂಲಂಟ್ ಸರಿಯಾಗಿ ಹರಿಯುತ್ತಿರುವಾಗ ಹೆಡ್ ತಂಪಾಗಿಯೇ ಇದ್ದು, ಹೆಚ್ಚು ಬಿಸಿಯಾಗುವ ಉಂಗುರದ ಮೇಲೆ ಹಿಡಿತ ಉಳಿಯುತ್ತದೆ. ಕೂಲಂಟ್ ಸೋರಿಹೋದಾಗ ಈ ಲೆಕ್ಕ ತಪ್ಪುತ್ತದೆ.

ತಣಿದ ಮೇಲೆ ಬಿಗಿ ಮರಳಿ ಬರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಪೂರ್ಣವಾಗಿ ಬರುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಹೆಡ್‌ಗೆ ಬಳಸುವ ಅನೇಕ ಮಿಶ್ರಲೋಹಗಳಿಗೆ ಗಟ್ಟಿತನ ಬರುವುದು 150ರಿಂದ 200 ಡಿಗ್ರಿ ಆಸುಪಾಸಿನ ಉಷ್ಣ ಸಂಸ್ಕರಣದಿಂದ. ಅದನ್ನು ಮೀರಿ ಕಾದಾಗ ಲೋಹ ಮೆದುವಾಗುತ್ತದೆ, ಉಂಗುರದ ಒತ್ತಡಕ್ಕೆ ಕುಳಿಯ ಗೋಡೆ ಶಾಶ್ವತವಾಗಿ ಹಿಂಜರಿಯುತ್ತದೆ. ಈ ಹಾನಿ ಬರಿಗಣ್ಣಿಗೆ ಕಾಣದು.

ಆದ್ದರಿಂದಲೇ ಹಳೆಯ ಉಂಗುರವನ್ನು ಮತ್ತೆ ಬಡಿದು ಕೂರಿಸಿ, ಸುತ್ತಲೂ ಪಂಚ್‌ನಿಂದ ಗುದ್ದಿ ಕೊಡುವ ಅಗ್ಗದ ದುರಸ್ತಿ ಬಾಳುವುದಿಲ್ಲ. ಕಳಚಿದ ಉಂಗುರ ಪಿಸ್ಟನ್ ಮೇಲೆ ಬಿದ್ದರೆ ವಾಲ್ವ್, ಪಿಸ್ಟನ್, ಹೆಡ್ ಮೂರೂ ಹಾಳಾಗಬಹುದು. ಲೋಹ ಹಿಡಿಯುವ ಅಂಟುದ್ರವಗಳೂ ಇಲ್ಲಿ ಸಲ್ಲವು. ಸಾಮಾನ್ಯ ಬಗೆಯವು 150 ಡಿಗ್ರಿಯ ಆಚೆ ಕೈಕೊಡುತ್ತವೆ. ಗೇರ್ ಪೆಟ್ಟಿಗೆಯ ಬೇರಿಂಗ್ ತುಸು ಸಡಿಲವಾಗಿದ್ದಲ್ಲಿ ಅವು ನಿಜಕ್ಕೂ ಉಪಯುಕ್ತ, ಆ ಮಾತು ಬೇರೆ.

ಸರಿಯಾದ ಕೆಲಸ ಪರೀಕ್ಷೆಯಿಂದ ಆರಂಭವಾಗುತ್ತದೆ. ಒತ್ತಡ ಪರೀಕ್ಷೆಯಿಂದ ಬಿರುಕು, ನೇರಪಟ್ಟಿಯಿಂದ ಬಾಗು, ಗಡಸುತನ ಮಾಪಕದಿಂದ ಲೋಹದ ಸ್ಥಿತಿ ತಿಳಿಯುತ್ತದೆ. ಲೋಹ ಮೆದುವಾಗಿದ್ದರೆ, ಖರ್ಚು ಎಷ್ಟೇ ನೋಯಿಸಿದರೂ, ಹೆಡ್ ಬದಲಿಸುವುದೇ ಲೇಸು. ಮೆದು ಗೋಡೆಗೆ ಯಾವ ಉಂಗುರ ಕೂರಿಸಿದರೂ ಅದೇ ಕಥೆ.

ಹೆಡ್ ಗಟ್ಟಿಯಾಗಿದ್ದಲ್ಲಿ ಕುಳಿಯನ್ನು ಯಂತ್ರದಲ್ಲಿ ಕೊರೆದು ಮತ್ತೆ ದುಂಡಗಾಗಿಸಿ, ಹಿಗ್ಗಿದ ಅಳತೆಗೆ ತಕ್ಕ ದೊಡ್ಡ ಉಂಗುರವನ್ನು ಸಿದ್ಧಪಡಿಸಬೇಕು. ಅಳತೆ ಮೈಕ್ರೋಮೀಟರ್‌ನಲ್ಲೇ ಆಗಬೇಕು, ಅಂದಾಜಿನಲ್ಲಲ್ಲ. ಬಳಿಕ ಹೆಡ್‌ನ್ನು ಒಲೆಪೆಟ್ಟಿಗೆಯಲ್ಲಿ ಸಮನಾಗಿ ಸುಮಾರು 150 ಡಿಗ್ರಿವರೆಗೆ ಕಾಯಿಸಿ, ಉಂಗುರವನ್ನು ಡ್ರೈ ಐಸ್‌ನಲ್ಲಿ ಮೈನಸ್ 78 ಡಿಗ್ರಿಯತ್ತ ತಣಿಸುತ್ತಾರೆ. ಆಗ 35 ಮಿ.ಮೀ. ಉಂಗುರಕ್ಕೆ ಒಟ್ಟು 0.14 ಮಿ.ಮೀ. ಅವಕಾಶ ದೊರೆತು, ಅದು ಬಡಿತವಿಲ್ಲದೆ ಕುಳಿಗಿಳಿಯುತ್ತದೆ. ಎರಡರ ಉಷ್ಣತೆ ಸಮವಾಗುವವರೆಗೆ ಒತ್ತಿ ಹಿಡಿದರಾಯಿತು. ಗ್ಯಾಸ್ ಜ್ವಾಲೆಯಿಂದ ಒಂದೇ ಕಡೆ ಕಾಯಿಸುವುದು ಸಲ್ಲದು. ಹೆಡ್ ಬಾಗುವುದು, ಮೆದುವಾಗುವುದು ಎರಡೂ ಅದರಿಂದಲೇ ಮರುಕಳಿಸುತ್ತವೆ.

ಕೊನೆಗೆ ವಾಲ್ವ್ ಗೈಡ್‌ನ ನೇರಕ್ಕೆ ಹೊಸ ಸೀಟನ್ನು ಕತ್ತರಿಸಿ, ಸೋರಿಕೆ ನೋಡಲಾಗುತ್ತದೆ. ಗೈಡ್‌ಗಳೂ ಇದೇ ಬಿಗಿಯಲ್ಲಿ ನಿಂತಿರುವುದರಿಂದ ಅವನ್ನೂ ಉಳಿದ ಸೀಟುಗಳನ್ನೂ ಜೊತೆಗೇ ಪರೀಕ್ಷಿಸಬೇಕು. ಎಂಜಿನ್ ಬಿಸಿಯೇರಲು ಮೂಲ ಕಾರಣವಾದ ರೇಡಿಯೇಟರ್, ಥರ್ಮೊಸ್ಟಾಟ್ ಅಥವಾ ಫ್ಯಾನ್ ದೋಷ ಸರಿಯಾಗದೆ ವಾಹನವನ್ನು ಮತ್ತೆ ರಸ್ತೆಗಿಳಿಸಬಾರದು. ಬಿಲ್ ಪಾವತಿಸುವಾಗ ತೆಗೆದ ಉಂಗುರವನ್ನೂ, ಕುಳಿ ಹಾಗೂ ಹೊಸ ಉಂಗುರದ ಅಳತೆಗಳನ್ನೂ ಮಾಲೀಕರು ಕೇಳಿ ಪಡೆಯಬಹುದು.