ಪರಿಣಾಮ: ಬೀರುವುದು, ಪರಿಣಮಿಸುವುದು

ಇಂದಿನ ಕನ್ನಡ ಬರವಣಿಗೆಯಲ್ಲಿ ‘ಪರಿಣಾಮ’ ಎಂಬ ಪದ ಬಹುಮಟ್ಟಿಗೆ ‘ಬೀರು’ ಎಂಬ ಕ್ರಿಯಾಪದವನ್ನು ಜೊತೆಗಿಟ್ಟುಕೊಂಡೇ ಬರುತ್ತದೆ. ಪ್ಲಾಸ್ಟಿಕ್ಕು ಕಡಲಿನ ಮೇಲೆ ಪರಿಣಾಮ ಬೀರುತ್ತದೆ, ಮನುಷ್ಯ ಭೂಮಿಯ ಮೇಲೆ ಪರಿಣಾಮ ಬೀರುತ್ತಾನೆ ಎಂಬ ವಾಕ್ಯಗಳು ಪತ್ರಿಕೆಗಳಲ್ಲೂ ಪಠ್ಯಪುಸ್ತಕಗಳಲ್ಲೂ ರೂಢಿಯಾಗಿ ಹೋಗಿರುವುದರಿಂದ, ಅವುಗಳೊಳಗಿನ ‘ಮೇಲೆ’ ಎಂಬ ಮಾತು ಮಾಡುವವನನ್ನು ಒಂದು ಕಡೆಗೂ ಅನುಭವಿಸುವ ವಸ್ತುವನ್ನು ಇನ್ನೊಂದು ಕಡೆಗೂ ನಿಲ್ಲಿಸಿಬಿಡುವುದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ಮೂಲದ ‘ಪರಿಣಮಿಸು’ ಎಂಬ ಕ್ರಿಯಾಪದದ ನಡೆಯೇ ಬೇರೆ. ಅದು ‘ಮೇಲೆ’ಯನ್ನಲ್ಲ, ‘ಆಗಿ’ಯನ್ನು ಬೇಡುತ್ತದೆ. ಮಾತು ಜಗಳವಾಗಿ ಪರಿಣಮಿಸಿತು ಎಂದಾಗ ಮಾತೆಂಬುದು ಹೊರಗೆ ನಿಂತು ಯಾವುದಕ್ಕೂ ಪೆಟ್ಟು ಕೊಟ್ಟಿಲ್ಲ, ತಾನೇ ಬೇರೊಂದಾಗಿದೆ. ಈ ಎರಡನೆಯ ಅರ್ಥವೇ ಪದದ ಹಳೆಯ ಅರ್ಥ. ಜೀವವಿಕಾಸವನ್ನೂ ಭೂಮಿಗೆ ಮನುಷ್ಯನಿಂದ ಆಗುತ್ತಿರುವುದನ್ನೂ ತಿಳಿಯಲು ಹೆಚ್ಚು ನೆರವಾಗುವುದೂ ಅದೇ.

ಸಂಸ್ಕೃತದ ‘ನಮ್’ ಧಾತುವಿಗೆ ಬಾಗುವುದು ಎಂದು ಅರ್ಥ. ಅದರ ಹಿಂದೆ ‘ಪರಿ’ ಎಂಬ ಉಪಸರ್ಗ ಸೇರಿದಾಗ ಪೂರ್ತಿಯಾಗಿ ತಿರುಗಿ ಇನ್ನೊಂದು ರೂಪಕ್ಕೆ ಬರುವುದು, ಮಾಗುವುದು ಎಂಬ ಭಾವ ಹುಟ್ಟುತ್ತದೆ. ಕನ್ನಡದ ‘ಪರಿಣತ’ ಎಂಬ ಪದದಲ್ಲಿ ಈ ಮಾಗುವಿಕೆ ಇಂದಿಗೂ ಉಳಿದಿದೆ, ಏಕೆಂದರೆ ಪರಿಣತನೆಂದರೆ ವಿದ್ಯೆಯಲ್ಲಿ ಮಾಗಿದವನು. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದ್ದು ಆಮೇಲೆ ಹೊರಗೆ ತೋರುತ್ತದೆ ಎನ್ನುವ ಸಾಂಖ್ಯ ದಾರ್ಶನಿಕರ ಸಿದ್ಧಾಂತಕ್ಕೆ ಪರಿಣಾಮವಾದವೆಂದು ಹೆಸರು. ಹಾಲು ಮೊಸರಾಗುವುದು ಅದರ ಹೆಸರಾಂತ ದೃಷ್ಟಾಂತ. ಆಯುರ್ವೇದದಲ್ಲಿ ಉಂಡ ಅನ್ನ ಪಾಕವಾಗಿ ದೇಹದ ಧಾತುಗಳಾಗುವುದಕ್ಕೆ ಆಹಾರಪರಿಣಾಮವೆಂದೂ, ಅನ್ನ ಜೀರ್ಣವಾಗುವ ಹೊತ್ತಿಗೆ ಕಾಣಿಸಿಕೊಳ್ಳುವ ಹೊಟ್ಟೆನೋವಿಗೆ ಪರಿಣಾಮಶೂಲವೆಂದೂ ಹೆಸರು. ಹನ್ನೆರಡನೆಯ ಶತಮಾನದ ಶರಣರ ವಚನಗಳಿಗೆ ಬಂದರೆ ಪದ ಇನ್ನೂ ಒಳಕ್ಕೆ ಇಳಿದಿದೆ: ಅಲ್ಲಿ ಪರಿಣಾಮವೆಂದರೆ ತೃಪ್ತಿ, ನೆಮ್ಮದಿ, ಪರಿಣಾಮಿ ಎಂದರೆ ಒಳಗೆ ಮಾಗಿ ಶಾಂತನಾದವನು. ದುಷ್ಪರಿಣಾಮ, ಅಡ್ಡಪರಿಣಾಮ ಎಂಬ ಮಾತುಗಳನ್ನೇ ದಿನವೂ ಕೇಳುವ ಕಿವಿಗೆ ಈ ಅರ್ಥ ಹೊಸದೆನಿಸಬಹುದಾದರೂ, ಹಣ್ಣಾಗುವುದಕ್ಕೂ ನೆಮ್ಮದಿಗೂ ಕನ್ನಡ ಕಂಡ ಈ ನಂಟು ಕಳೆದುಕೊಳ್ಳಬಾರದಂಥದು.

ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಹೊಸ ಜಾತಿಗಳಾಗುವ ಕ್ರಿಯೆಗೆ ತೆಲುಗು, ತಮಿಳು, ಮಲಯಾಳಗಳು ಪರಿಣಾಮವೆಂಬ ಪದವನ್ನೇ ಆರಿಸಿಕೊಂಡವು, ಬಂಗಾಳಿ ‘ವಿವರ್ತನ’ವನ್ನು ಹಿಡಿಯಿತು, ಕನ್ನಡ ಹಿಂದಿಯಂತೆ ‘ವಿಕಾಸ’ದ ಕಡೆ ನಡೆಯಿತು. ವಿಕಾಸವೆಂದರೆ ಅರಳುವುದು. ಮೊಗ್ಗಿಗೆ ಹೂವೇ ಗುರಿ ಎಂಬ ಭಾವನೆ ಆ ಪದದಲ್ಲಿ ಬೆರೆತಿರುವುದರಿಂದ, ಜೀವಜಗತ್ತೆಲ್ಲ ಮೇಲೇರುತ್ತ ಬಂದು ಮನುಷ್ಯನಲ್ಲಿ ಅರಳಿ ಮುಗಿಯಿತೆಂಬ ತಪ್ಪು ತಿಳಿವಳಿಕೆಗೆ ಅದು ಎಡೆಮಾಡಿಕೊಡುತ್ತದೆ. ಮಂಗನಿಂದ ಮಾನವನಾದನೆಂದರೆ ಮಂಗಗಳು ಇನ್ನೂ ಏಕೆ ಉಳಿದಿವೆ ಎಂಬ, ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯ ಬೇರು ಇರುವುದೂ ಇಲ್ಲಿಯೇ. ಇಂದಿನ ಮಂಗಗಳೂ ಮನುಷ್ಯರೂ ಒಂದೇ ಪೂರ್ವಜರಿಂದ ಕವಲೊಡೆದ ಬೇರೆ ಬೇರೆ ಕೊಂಬೆಗಳೇ ಹೊರತು ಏಣಿಯ ಮೆಟ್ಟಿಲುಗಳಲ್ಲ. ಡಾರ್ವಿನ್ ಕೂಡ 1859ರ ತನ್ನ ಗ್ರಂಥದ ಮೊದಲ ಮುದ್ರಣದಲ್ಲಿ ಮುಂದೆ ಪ್ರಸಿದ್ಧವಾದ ‘ಎವಲ್ಯೂಷನ್’ ಎಂಬ ಪದವನ್ನು ಬಳಸದೆ, ಮಾರ್ಪಾಡುಗಳೊಡನೆ ಸಂತತಿ ಮುಂದುವರಿಯುವುದು ಎಂಬ ಸರಳ ವಿವರಣೆಯನ್ನೇ ನೆಚ್ಚಿದ್ದನು. ಆ ಪದದ ಕ್ರಿಯಾರೂಪವೊಂದು ಮಾತ್ರ ಪುಸ್ತಕದ ಕೊಟ್ಟಕೊನೆಯ ಪದವಾಗಿ ಬಂದಿದೆ. ಹಾಗೆಂದು ಪರಿಣಾಮವೆಂಬುದು ದೋಷವಿಲ್ಲದ ಪದವೇನೂ ಅಲ್ಲ. ಮೊಸರು ಹಾಲಿನಲ್ಲಿ ಮೊದಲೇ ಇತ್ತೆನ್ನುವ ಸಾಂಖ್ಯರ ನಿಲುವಿಗೂ, ಆಕಸ್ಮಿಕ ವ್ಯತ್ಯಾಸಗಳ ನಡುವೆ ಆಯಾ ಪರಿಸರಕ್ಕೆ ಒಗ್ಗಿದವು ಉಳಿದು ಸಂತತಿ ಬೆಳೆಸುತ್ತವೆ ಎನ್ನುವ ನಿಸರ್ಗದ ಆಯ್ಕೆಯ ತತ್ತ್ವಕ್ಕೂ ಹೊಂದಿಕೆಯಿಲ್ಲ. ಮನುಷ್ಯನು ಮೊದಲ ಜೀವಕೋಶದಲ್ಲಿ ಅಡಗಿ ಕುಳಿತಿರಲಿಲ್ಲ. ಆದರೆ ಇಲ್ಲದ ಗುರಿಯನ್ನು ಕಟ್ಟಿಕೊಡದೆ, ಇದ್ದದ್ದೇ ತಿರುಗಿ ಬೇರೊಂದಾಗುತ್ತದೆ ಎಂಬ ನಿರಂತರತೆಯನ್ನು ಹಿಡಿದಿಡುವ ಗುಣದಲ್ಲಿ ವಿಕಾಸಕ್ಕಿಂತ ಪರಿಣಾಮ ಮೇಲು.

ಭೂಮಿಯನ್ನು ಬದಲಿಸಿದ ಮೊದಲ ಜೀವಿ ಮನುಷ್ಯನೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ನಿರಂತರತೆ ಸ್ಪಷ್ಟವಾಗುತ್ತದೆ. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಆಮ್ಲಜನಕವನ್ನು ಹೊರಬಿಡುವ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು, ಸುಮಾರು 240 ಕೋಟಿ ವರ್ಷಗಳ ಹಿಂದೆ, ಅದುವರೆಗೆ ಆಮ್ಲಜನಕವೇ ಇಲ್ಲದಂತಿದ್ದ ವಾತಾವರಣದಲ್ಲಿ ಅದು ಸೇರಿಕೊಳ್ಳುವಂತೆ ಮಾಡಿದವು. ಅಂದಿನ ಎಷ್ಟೋ ಜೀವಿಗಳಿಗೆ ವಿಷವಾಗಿದ್ದ ಆ ಅನಿಲವೇ ಮುಂದೆ ಪ್ರಾಣಿಗಳ ಉಸಿರಾಗಿ ಪರಿಣಮಿಸಿತು. ಅದಕ್ಕೂ ಹಿಂದೆ ಕಡಲಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದೊಡನೆ ಸೇರಿ ತಳಕ್ಕೆ ಇಳಿದು ಪಟ್ಟೆಪಟ್ಟೆಯ ಅದಿರುಶಿಲೆಯಾಯಿತು. ಇದರಲ್ಲಿ ಸೂಕ್ಷ್ಮಜೀವಿಗಳ ಪಾಲೂ ಇದೆಯೆಂದು ಭೂವಿಜ್ಞಾನಿಗಳು ಭಾವಿಸುತ್ತಾರೆ. ಬಾಬಾಬುಡನ್‌ಗಿರಿ, ಸಂಡೂರು, ಕುದುರೆಮುಖಗಳ ಕಬ್ಬಿಣದ ಶಿಲೆಗಳು ಈ ಬಗೆಯವು. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗಿಂತ ಹೆಚ್ಚು. ಕುದುರೆಮುಖದಲ್ಲಿ ಸುಮಾರು 1980ರಿಂದ ಅದಿರನ್ನು ಅಗೆದು, ನುಣ್ಣಗೆ ಪುಡಿಮಾಡಿ, ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸಲಾಯಿತು. ಕಬ್ಬಿಣ ತೆಗೆದುಳಿದ ಹುಡಿಯನ್ನು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬಲಾಯಿತು. ಮಳೆಗಾಲದಲ್ಲಿ ಅಗೆದ ಗುಡ್ಡಗಳ ಮಣ್ಣು ಭದ್ರೆಗೆ ಹರಿಯಿತು. ಸುಪ್ರೀಂ ಕೋರ್ಟು 2002ರಲ್ಲಿ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ‘ಬೀರುವ’ ಪರಿಣಾಮದ ಲೆಕ್ಕದಲ್ಲಿ ಬೀರುವ ಕೈ ನಿಂತಾಗ ಕಥೆ ಮುಗಿಯಬೇಕು. ಆದರೆ ಲಕ್ಯಾದ ಹಿಂದೆ ನಿಂತ ಹುಡಿ ಅಲ್ಲಿಯೇ ಇದೆ, ಹಳೆಯ ಕಡಲತಳದ ಶಿಲೆ ಈಗ ಶೋಲಾಕಾಡಿನ ಕಣಿವೆಯೊಂದರ ಹೊಸ ನೆಲವಾಗಿದೆ. ಯೋಜನೆಯೊಂದನ್ನು ಕೈಗೊಳ್ಳುವ ಮುನ್ನ ಅದರ ಪರಿಸರ ಪರಿಣಾಮವನ್ನು ಅಂದಾಜು ಮಾಡಬೇಕೆಂಬ ಕೇಂದ್ರ ಸರ್ಕಾರದ ಅಧಿಸೂಚನೆ ಹೊರಟದ್ದು 1994ರಲ್ಲಿ; ಇಲ್ಲಿ ಅಗೆತ ಆರಂಭವಾಗಿ ಆಗಲೇ ಹದಿನಾಲ್ಕು ವರ್ಷವಾಗಿತ್ತು.

ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ವರ್ಷಗಳಲ್ಲಿ ಮಾಡಿದ್ದಕ್ಕೂ ಮನುಷ್ಯ ಮಾಡುತ್ತಿರುವುದಕ್ಕೂ ಇರುವ ದೊಡ್ಡ ಅಂತರ ವೇಗದ್ದು. ಮೊಜಾಂಬಿಕ್‌ನ ಗೊರೊಂಗೊಸಾ ರಾಷ್ಟ್ರೀಯ ಉದ್ಯಾನದಲ್ಲಿ, 1977ರಿಂದ 1992ರವರೆಗಿನ ಅಂತರ್ಯುದ್ಧದ ಕಾಲದಲ್ಲಿ, ದಂತಕ್ಕಾಗಿ ನಡೆದ ಬೇಟೆಯಿಂದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆನೆಗಳು ನಾಶವಾದವು. ಹುಟ್ಟಿನಿಂದಲೇ ದಂತವಿಲ್ಲದ ಹೆಣ್ಣಾನೆಗಳು ಬೇಟೆಗಾರರ ಗುಂಡಿಗೆ ಸಿಗದೆ ಹೆಚ್ಚು ಉಳಿದು ಮರಿ ಹಾಕಿದುದರಿಂದ, ಹೆಣ್ಣಾನೆಗಳಲ್ಲಿ ದಂತವಿಲ್ಲದವುಗಳ ಪ್ರಮಾಣ ಶೇಕಡಾ ಸುಮಾರು 18ರಿಂದ 51ಕ್ಕೆ ಏರಿತೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ಗುಣಕ್ಕೆ ಕಾರಣವಾದ ಜೀನು ಎಕ್ಸ್ ಎಂಬ ವರ್ಣತಂತುವಿನಲ್ಲಿದ್ದು, ಅದನ್ನು ಪಡೆದ ಗಂಡುಭ್ರೂಣಗಳು ಹುಟ್ಟುವ ಮೊದಲೇ ಸಾಯುತ್ತವೆಂದು ವಿಜ್ಞಾನಿಗಳು ಊಹಿಸುತ್ತಾರೆ. ಗುಂಡಿನ ಸದ್ದು ನಿಂತು ಮೂರು ದಶಕ ಕಳೆದರೂ ಯುದ್ಧ ಅಲ್ಲಿನ ಆನೆಗಳ ಬಸಿರಿನಲ್ಲಿ ಹೀಗೆ ಮುಂದುವರಿಯುತ್ತಿರುವುದು ನೋವಿನ ಸಂಗತಿ. ದಂತದಿಂದ ನೆಲ ಅಗೆದು ನೀರು ಹುಡುಕುವ, ಮರದ ತೊಗಟೆ ಸುಲಿಯುವ ಪ್ರಾಣಿಯೊಂದು ದಂತ ಕಳೆದುಕೊಂಡಾಗ ಅದರ ಮೇವೂ, ಆ ಮೂಲಕ ಅದರ ಸುತ್ತಲಿನ ಗಿಡಮರಗಳೂ ಬದಲಾಗಬೇಕಾಗುತ್ತದೆ.

ಆಯುರ್ವೇದದ ಗ್ರಂಥವಾದ ಚರಕಸಂಹಿತೆಯಲ್ಲಿ ಪರಿಣಾಮ ಎಂಬ ಪದಕ್ಕೆ ಮತ್ತೂ ಒಂದು ಅರ್ಥವುಂಟು, ಅದು ಕಾಲ. ರೋಗಗಳ ಮೂರು ಮೂಲಕಾರಣಗಳನ್ನು ಹೇಳುವಾಗ ಆ ಗ್ರಂಥ ಇಂದ್ರಿಯಗಳ ತಪ್ಪು ಬಳಕೆಯನ್ನೂ, ಪ್ರಜ್ಞಾಪರಾಧವೆಂಬ ಬುದ್ಧಿಯ ತಪ್ಪನ್ನೂ, ಪರಿಣಾಮವನ್ನೂ ಹೆಸರಿಸುತ್ತದೆ. ಋತುಗಳು ತಮ್ಮ ಲಕ್ಷಣವನ್ನು ಮೀರಿ, ಅದಕ್ಕೆ ಕಡಿಮೆಯಾಗಿ ಅಥವಾ ಅದಕ್ಕೆ ವಿರುದ್ಧವಾಗಿ ನಡೆಯುವುದೇ ಇಲ್ಲಿಯ ಪರಿಣಾಮ. ಋತುಗಳ ಇಂಥ ಕೇಡು ಇಂದು ಕಣ್ಣೆದುರಿಗೇ ಇದೆ. ಕೈಗಾರಿಕೆಗಳು ಬೆಳೆಯುವ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಇಂಗಾಲದ ಡೈಆಕ್ಸೈಡ್, ಹವಾಯಿಯ ಮೌನಾ ಲೋವಾದಲ್ಲಿ ನಿರಂತರ ಅಳತೆ ಆರಂಭವಾದ 1958ರಲ್ಲಿ 315ರ ಆಸುಪಾಸಿನಲ್ಲಿದ್ದು, ಈಗ 420ನ್ನು ದಾಟಿದೆ. ಮೂವತ್ತು ಕೋಟಿ ವರ್ಷಗಳ ಹಿಂದಿನ ಜೌಗುಕಾಡುಗಳು ಕಲ್ಲಿದ್ದಲಾಗಿ, ಕಲ್ಲಿದ್ದಲು ಹೊಗೆಯಾಗಿ, ಆ ಹೊಗೆಯ ಕಾಲುಭಾಗದಷ್ಟು ಕಡಲ ನೀರಿನ ಆಮ್ಲವಾಗಿ, ಉಳಿದುದರ ಬಹುಪಾಲು ಗಾಳಿಯಲ್ಲೇ ನಿಂತು ಶಾಖವನ್ನು ಹಿಡಿದಿಡುವ ಹೊದಿಕೆಯಾಗಿ ಪರಿಣಮಿಸಿ ಋತುಗಳ ನಡೆಯನ್ನೇ ಕೆಡಿಸುತ್ತಿವೆ. ಗಾಳಿ, ನೀರು, ನೆಲ, ಕಾಲಗಳು ಕೆಟ್ಟು ಊರಿಗೆ ಊರೇ ಅಳಿಯುವುದನ್ನು ವಿವರಿಸುವ, ವಿಮಾನಸ್ಥಾನವೆಂಬ ಭಾಗದ ಮೂರನೆಯ ಅಧ್ಯಾಯದಲ್ಲಿ, ಆ ಕೇಡಿನ ಬೇರು ಅಧರ್ಮವೆಂದೂ, ಅಧರ್ಮಕ್ಕೆ ತವರು ಪ್ರಜ್ಞಾಪರಾಧವೆಂದೂ ಚರಕಸಂಹಿತೆ ಹೇಳುತ್ತದೆ.