ಟಂಗ್‌ಸ್ಟನ್ ತಂತಿಯ ವಿದ್ಯುದ್ದೀಪ

ಗಾಜು, ಟಂಗ್‌ಸ್ಟನ್, ಹಿತ್ತಾಳೆ, 20ನೆಯ ಶತಮಾನ

ಶಿವನಸಮುದ್ರದಲ್ಲಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೋಸ್ಕರ ಉತ್ಪನ್ನವಾಗತೊಡಗಿ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ವಿದ್ಯುತ್ತು ಕಾಲಾನಂತರದಲ್ಲಿ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತಹ ಊರುಗಳ ನಡುಮನೆಗಳನ್ನೂ ಹೊಕ್ಕಾಗ, ಅಲ್ಲಿ ಉರಿದುದು ಇಂತಹ ಬುರುಡೆಯೇ.

ಇಂತಹ ದೀಪಕ್ಕೆ ಮಾಪಕಗಳನ್ನು ಜೋಡಿಸಲಾಗಿ, ವಿಭವಾಂತರವು 230 ವೋಲ್ಟ್ ಎಂದೂ ಪ್ರವಾಹವು 0.26 ಆಂಪಿಯರ್ ಎಂದೂ ಕಂಡುಬಂದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ತಂತಿಯ ರೋಧವು ಸುಮಾರು 885 ಓಮ್ ಎಂದೂ, ಎರಡನ್ನೂ ಗುಣಿಸಿದಾಗ ದೀಪದ ಸಾಮರ್ಥ್ಯವು ಹೆಚ್ಚುಕಡಿಮೆ 60 ವ್ಯಾಟ್ ಎಂದೂ ವೇದ್ಯವಾಗುತ್ತದೆ. ಜರ್ಮನಿಯ ಓಮ್ ಮಹಾಶಯನು 1827ರಲ್ಲಿ ಪ್ರಕಟಿಸಿದ ನಿಯಮದಿಂದ ಆ ರೋಧವನ್ನು ಅರಿಯಲು ಶಾಲೆಯ ಗಣಿತವೇ ಧಾರಾಳವಾಯಿತು.

ಗಾಜಿನೊಳಗಣ ಎಳೆಯನ್ನು ನಿಟ್ಟಿಸಿ ನೋಡಿರಿ: ಒಂದೇ ತಂತಿಯೆಂದು ತೋರುವ ಅದು ವಾಸ್ತವವಾಗಿ ಅತಿಸೂಕ್ಷ್ಮವಾದ ಸುರುಳಿ. ತಣ್ಣಗಿರುವಾಗ ಅದರ ರೋಧವು ಮೇಲಣ ಅಂಕಿಯ ಹತ್ತನೆಯ ಒಂದು ಪಾಲಿಗೂ ಕಡಿಮೆಯಾದುದರಿಂದ, ಗುಂಡಿ ಒತ್ತಿದ ಕ್ಷಣದಲ್ಲಿ ಹಲವು ಮಡಿ ಪ್ರವಾಹವು ನುಗ್ಗುತ್ತದೆ. ಹಳೆಯ ದೀಪಗಳು ಬಹುಧಾ ಹೊತ್ತಿಸುವಾಗಲೇ ಸುಟ್ಟುಹೋಗುತ್ತಿದ್ದುದು ಇದರಿಂದಲೇ.

ಉರಿಯುತ್ತಿರುವಾಗ ಗಾಜನ್ನು ಮುಟ್ಟಬಾರದು. ಆ 60 ವ್ಯಾಟ್‌ಗಳಲ್ಲಿ ಬಹುಭಾಗವು ಬೆಳಕಲ್ಲ, ಶಾಖ.